ಹನ್ನೊಂದಕ್ಕ

"ಅಲ್ಲಾಡಬೇಡ, ಕತ್ತೆ," ಎಂದಳು ಚಿಕ್ಕಮ್ಮ. ಟೇಪಿನ ತುದಿ ಅವಳ ಹಲ್ಲಿನಲ್ಲಿತ್ತು. ಗೋಲ್‌ಕೀಪರ್ ಹುಡುಗಿ ಬೆಂಚಿನ ಮೇಲೆ ಕೂತು ಎಡಗೈ ಚಾಚಿದ್ದಳು. ಕಿರುಬೆರಳು ಊದಿ ಹೆಬ್ಬೆರಳಿಗೆ ಸವಾಲು ಹಾಕುವಂತಿತ್ತು. ಏಳನೇ ಗೋಲು ಆ ಬೆರಳನ್ನು ತಿರುಚಿಕೊಂಡೇ ಒಳಗೆ ಹೋಗಿತ್ತು.

ಅರ್ಧ ಆಟಕ್ಕೆ ಏಳು–ಸೊನ್ನೆ. ಕೋಣೆಯಲ್ಲಿ ಒದ್ದೆ ಸಾಕ್ಸಿನ ವಾಸನೆ, ಯಾರೂ ಮುಟ್ಟದ ಗ್ಲೂಕೋಸ್ ನೀರು. ಖಂಡದ ಚಾಂಪಿಯನ್‌ಶಿಪ್ಪಿಗೆ ಹೋಗಲು ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಅರ್ಹತಾ ಸುತ್ತು ಆಡುತ್ತಿರುವುದು ಇದು ಆರನೇ ಸಲ. ಒಮ್ಮೆಯೂ ದಾಟಿರಲಿಲ್ಲ. ಗೆದ್ದದ್ದು ಒಂದೇ ಪಂದ್ಯ, ಅದೂ ಎದುರಾಳಿಗಳ ಬಸ್ಸು ಕೆಟ್ಟು ದಾರಿಯಲ್ಲೇ ನಿಂತದ್ದರಿಂದ. ಅತಿ ದೊಡ್ಡ ಸೋಲು ಹನ್ನೊಂದು–ಸೊನ್ನೆ. ಆ ದಿನ ಗೋಲಿನಲ್ಲಿ ನಿಂತಿದ್ದವಳು ಇದೇ ಚಿಕ್ಕಮ್ಮ. ಈಗ ತಂಡದ ಗಾಯ, ಉಳುಕು, ಬಟ್ಟೆಬರೆ ಎಲ್ಲ ಅವಳ ಪಾಲು. ಎಲ್ಲರೂ ಅವಳನ್ನು ಕರೆಯುವುದು ಹನ್ನೊಂದಕ್ಕ ಎಂದು. ಹೊಸ ಹುಡುಗಿಯರು ಅದು ಅವಳ ಅಂಗಿಯ ನಂಬರ್ ಅಂದುಕೊಳ್ಳುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ.

"ಇನ್ನು ನಾಲ್ಕು ಬಿದ್ರೆ ನನ್ನ ಸಮ ಆಗ್ತೀಯ. ಐದು ಬಿದ್ರೆ ನನಗಿಂತ ದೊಡ್ಡವಳು."

"ಹನ್ನೆರಡಕ್ಕ. ಕೇಳೋಕೇ ಚೆನ್ನಾಗಿಲ್ಲ."

"ಪಟ್ಟ ಬಿಟ್ಟುಕೊಡಲ್ಲ, ಹೋಗೇ. ಕಷ್ಟಪಟ್ಟು ಗಳಿಸಿದ್ದು."

ನೋವಾದ ಬೆರಳನ್ನು ಪಕ್ಕದ ಬೆರಳಿಗೆ ಜೋಡಿಸಿ ಎರಡು ಸುತ್ತು ಸುತ್ತುವುದು ಚಿಕ್ಕಮ್ಮನ ಪದ್ಧತಿ. ಹುಡುಗಿ ಚಿಕ್ಕವಳಿದ್ದಾಗ ಓಣಿಯಲ್ಲಿ ಅವಳತ್ತ ಸಾಕ್ಸಿನ ಉಂಡೆ ಎಸೆದು "ಮೊದಲು ಬೀಳೋದು ಕಲಿ, ಹಿಡಿಯೋದು ತಾನಾಗೇ ಬರತ್ತೆ" ಎನ್ನುತ್ತಿದ್ದ ಕಾಲದಿಂದಲೂ ಅಷ್ಟೇ. ಇವತ್ತು ಟೇಪು ನಿಲ್ಲಲೇ ಇಲ್ಲ. ಮೂರನೇ ಬೆರಳನ್ನೂ ಎಳೆದುಕೊಂಡಿತು. ಕೈ ಬೇಯಿಸಿದ ಗೆಣಸಿನ ಹಾಗಾಯಿತು.

ಕೋಚ್ ಮೇಡಂ ಬಂದು ಬಗ್ಗಿ ನೋಡಿದರು. "ಕೈ ಹೇಗಿದೆ?"

"ಗ್ಲೌಸ್ ಏರಲ್ಲ ಮೇಡಂ," ಎಂದಳು ಚಿಕ್ಕಮ್ಮ, ಹುಡುಗಿ ಬಾಯಿ ತೆರೆಯುವ ಮೊದಲೇ.

ಮೇಡಂ ಮೂಲೆಯತ್ತ ತಿರುಗಿದರು. ಅಲ್ಲಿ ಬದಲಿ ಕೀಪರ್ ಇದ್ದಳು. ತಂಡ ಸೇರಿ ಇನ್ನೂ ತಿಂಗಳಾಗಿರಲಿಲ್ಲ. "ಹಾಗಾದ್ರೆ ಅವಳು ಇಳೀಲಿ. ನೀನು ಇದುವರೆಗೆ ಮಾಡಿದ್ದೇ ಹೆಚ್ಚು, ಯಾರೂ ಏನೂ ಅನ್ನಲ್ಲ," ಎಂದು ಹುಡುಗಿಯ ತಲೆ ಸವರಿ ಮುಂದೆ ಹೋದರು.

"ಚಿಕ್ಕಮ್ಮಾ, ಬೇಕಂತಲೇ ಸುತ್ತಿದೀಯ."

"ಹೂಂ."

"ಕತ್ತರಿ ಕೊಡು."

"ಎಲ್ಲಿಟ್ಟೆನೋ ಕಾಣೆ." ಅವಳು ಅದರ ಮೇಲೇ ಕೂತಿದ್ದಳು. ಆಮೇಲೆ ದನಿ ತಗ್ಗಿಸಿದಳು. "ಆವತ್ತು ಆರನೇದು ಬಿದ್ದಾಗ ಕೈ ಎತ್ತಿ ಕರೆದೆ, ನನ್ನ ಹೊರಗೆ ಕರ್ಕೊಳ್ಳಿ ಅಂತ. ಎಂಟಕ್ಕೂ ಕರೆದೆ. ಇನ್ನೊಬ್ಬ ಕೀಪರೇ ಇರ್ಲಿಲ್ಲ ಕಣೇ, ಯಾರು ಬರ್ತಾರೆ? ನಿನಗೆ ಒಬ್ಳು ಇದಾಳಲ್ಲ. ಕೂತ್ಕೋ ಸುಮ್ನೆ."

ಹುಡುಗಿ ಮೂಲೆಯತ್ತ ನೋಡಿದಳು. ಬದಲಿ ಕೀಪರ್ ಶೂ ಲೇಸು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟತೊಡಗಿದಳು. ಗಂಟು ಬೆರಳಿನಿಂದ ಜಾರುತ್ತಿತ್ತು.

ಹುಡುಗಿ ಟೇಪಿಗೆ ಹಲ್ಲು ಹಾಕಿದಳು. ಪದರ ಪದರವಾಗಿ ಕಿತ್ತು ನೆಲಕ್ಕೆ ಉಗುಳಿದಳು. ಎರಡು ಸುತ್ತು ಉಳಿದಾಗ ನಿಲ್ಲಿಸಿ, ಗ್ಲೌಸಿನೊಳಗೆ ಕೈ ತುರುಕಿದಳು. ಕಣ್ಣಲ್ಲಿ ನೀರು ಬಂತು. ಕೈ ಒಳಗೆ ಹೋಯಿತು. "ಏರ್ತು ಮೇಡಂ," ಎಂದಳು, ಕೋಣೆಗೆಲ್ಲ ಕೇಳುವ ಹಾಗೆ. "ಸರಿ, ನೀನೇ ಇಳಿ," ಎಂದರು ಮೇಡಂ. ಮೂಲೆಯಲ್ಲಿ ಲೇಸು ಕಟ್ಟುತ್ತಿದ್ದ ಕೈಗಳು ನಿಂತವು.

ಹೊರಗೆ ಸೀಟಿ ಕೇಳಿಸಿತು. ಆಟ ಬಿಟ್ಟು ಕೂರುವವರಿಗೆ ಹಾಕುವ ದಪ್ಪನೆಯ ಜಾಕೆಟ್ಟನ್ನು ಚಿಕ್ಕಮ್ಮ ಗೂಟದಿಂದ ಇಳಿಸಿ, ಸ್ನಾನ ಮುಗಿಸಿದ ಮಗುವಿಗೆ ಟವೆಲ್ ಹಿಡಿಯುವಂತೆ ಎರಡೂ ಕೈಯಲ್ಲಿ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಳು.

"ಹಾಕ್ಕೋ. ಬೆವರು ಆರಿದ್ರೆ ಶೀತ ಆಗತ್ತೆ."

"ಅವಳಿಗೆ ಹಾಕು. ನಡುಗ್ತಿದಾಳೆ."

"ನಿನಗೆ ಹಿಡಿದಿರೋದು ಕಣೇ, ಬಂಗಾರ."

"ಬೇಡ," ಎಂದು ಹುಡುಗಿ ಜಾಕೆಟ್ಟಿನ ಅಡಿಯಿಂದ ನುಸುಳಿ ಮೈದಾನದತ್ತ ಓಡಿದಳು.