ಕಿಟಕಿ ಪಕ್ಕದ ಹಾಸಿಗೆ

ಆಪರೇಷನ್ ಆದ ಮೇಲೆ ಮೇಡಂಗೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಗೆರೆ ಅಳಿಸಿಹೋಗಿತ್ತು. ಹಸಿರು ಪರದೆ ಉಬ್ಬಿ ಇಳಿದಾಗ ಇಡೀ ವಾರ್ಡೇ ಉಸಿರಾಡಿದಂತೆ ಕಾಣುತ್ತಿತ್ತು. ಮಾತುಗಳು ಎಲ್ಲಿಂದಲೋ ತೇಲಿ ಬಂದು, ಅರ್ಥವಾಗುವ ಮೊದಲೇ ಕರಗುತ್ತಿದ್ದವು.

ಮೇಡಂ ಕಾಲೇಜಿನಲ್ಲಿ ಪಾಠ ಹೇಳುವವರು. ಅವರ ಭಾವ ಈ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದರು. ಸ್ಪೆಷಲ್ ರೂಮ್ ಖಾಲಿಯಾಗುವವರೆಗೆ ಸಾಮಾನ್ಯ ವಾರ್ಡಿನಲ್ಲಿ ಜಾಗ. ಕೊಟ್ಟದ್ದು ಮಾತ್ರ ಕಿಟಕಿ ಪಕ್ಕದ ಹಾಸಿಗೆಯನ್ನೇ. ಗೋಡೆ ಪಕ್ಕದ ಹಾಸಿಗೆಯಲ್ಲಿ ಇಸ್ತ್ರಿ ಅಂಗಡಿಯ ಹೆಂಗಸು. ಇಬ್ಬರಿಗೂ ಅದೇ ದಿನ, ಅದೇ ಪಿತ್ತಕೋಶದ ಆಪರೇಷನ್. ವಾರ್ಡಿನಲ್ಲಿ ಎಲ್ಲರಿಗೂ ಆಕೆ ಇಸ್ತ್ರಿಯಮ್ಮ.

ಮೇಡಂ ಹಣೆ ಹಿಡಿದುಕೊಂಡರೆ ಸಾಕು, ಸಿಸ್ಟರ್ ಓಡಿ ಬರುತ್ತಿದ್ದರು. ಇಸ್ತ್ರಿಯಮ್ಮ ಕಾಲುನೋವು ಎಂದರೆ ಸಿಸ್ಟರ್ ನಡೆದುಹೋಗುತ್ತಲೇ ಉತ್ತರ ಕೊಡುತ್ತಿದ್ದರು.

"ದಿನಾ ನಿಂತು ಇಸ್ತ್ರಿ ಮಾಡೋ ಕಾಲಲ್ವಾ, ನೋಯ್ದೆ ಇರುತ್ತಾ? ಸ್ವಲ್ಪ ತಡ್ಕೊ."

"ನಿಂತ ನೋವಾದ್ರೆ ಎರಡೂ ಕಾಲು ನೋಯುತ್ತೆ ಸಿಸ್ಟರ್. ಇದು ಒಂದೇ."

ಸಿಸ್ಟರ್ ಕೆಟ್ಟವರಲ್ಲ. ಅರ್ಧ ವಾರ್ಡು ಅವರೊಬ್ಬರ ತಲೆಯ ಮೇಲಿತ್ತು. ನಿಜ ಹೇಳಬೇಕೆಂದರೆ, ಮೇಡಂಗೂ ಆ ಗೊಣಗಾಟ ಕಿರಿಕಿರಿಯೇ ಆಗಿತ್ತು.

ಮಧ್ಯಾಹ್ನದ ಬಿಸಿಲು ಮುಖಕ್ಕೇ ಬಿತ್ತು. ಮೇಡಂ ಪಕ್ಕಕ್ಕೆ ತಿರುಗಿ, "ಬೆಳಕು ಕಣ್ಣಿಗೆ ಚುಚ್ಚುತ್ತೆ. ಹಾಸಿಗೆ ಬದಲಾಯಿಸ್ಕೊಳ್ಳೋಣ್ವಾ?" ಎಂದರು.

"ಅದಕ್ಕೇನಂತೆ, ಬನ್ನಿ. ಬಾಡಿಗೆ ಮನೇಲಿರೋಳಿಗೆ ಜಾಗ ಬದಲಾಯಿಸೋದು ಹೊಸದಾ?" ಎಂದು ಇಸ್ತ್ರಿಯಮ್ಮ ಕುಂಟುತ್ತಾ ಎದ್ದರು.

ಗೋಡೆಯ ಪಕ್ಕ ತಂಪಾಗಿತ್ತು. ಮೇಡಂ ಮತ್ತೆ ಮಂಪರಿಗೆ ಜಾರಿದರು. ನಡುವೆ ಗಂಟಲೊಣಗಿ ನೀರು ಕೇಳಿದರು. ಆಗಷ್ಟೇ ಕೆಲಸಕ್ಕೆ ಬಂದ ಇನ್ನೊಬ್ಬ ಸಿಸ್ಟರ್ ಮುಖ ನೋಡದೆ, "ಆಮೇಲೆ ಕೊಡ್ತೀನಿ, ತಡ್ಕೊ" ಎಂದು ಹೋದರು. ಕನಸಿರಬೇಕು ಎಂದುಕೊಂಡರು ಮೇಡಂ. ಹೊರಗಿನವರು ಯಾರಾದರೂ ಅವರನ್ನು ಏಕವಚನದಲ್ಲಿ ಮಾತಾಡಿಸಿ ಎಷ್ಟೋ ಕಾಲವಾಗಿತ್ತು. ಆದರೆ ನೀರು ಬರಲಿಲ್ಲ, ಬಾಯಾರಿಕೆ ಹೋಗಲಿಲ್ಲ.

ಕಣ್ಣು ಬಿಟ್ಟಾಗ ರಜೆ ಮುಗಿಸಿ ಬಂದ ಹಿರಿಯ ಡಾಕ್ಟರು ಕಿಟಕಿ ಪಕ್ಕದ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತಿದ್ದರು.

"ಬೆಳಿಗ್ಗೆ ನಿಮ್ಮ ಭಾವ ಫೋನ್ ಮಾಡಿದ್ರು. ನಿಧಾನವಾಗಿ ಹೇಳಿ, ಎಲ್ಲಿ ನೋವು?"

ಯಾವ ಭಾವ, ಎಲ್ಲಿಯ ಫೋನು ಎಂದು ಇಸ್ತ್ರಿಯಮ್ಮನಿಗೆ ತಿಳಿಯಲಿಲ್ಲ. ಆದರೂ ನೋವಿನ ಬಗ್ಗೆ ಕೂತು ಕೇಳಿದವರು ಇವರೊಬ್ಬರೇ. ಹೊದಿಕೆ ಸರಿಸಿ ಕಾಲು ತೋರಿಸಿದರು.

'ಡಾಕ್ಟರೇ, ನಾನು ಇಲ್ಲಿದ್ದೀನಿ' ಎಂಬ ಮಾತು ಮೇಡಂ ನಾಲಿಗೆಯ ತುದಿಗೆ ಬಂತು. ಡಾಕ್ಟರ ಕೈ ಆ ಊದಿದ ಮೀನಖಂಡದ ಮೇಲೆ ಮೆಲ್ಲಗೆ ಇಳಿಯುವುದನ್ನು ಕಂಡು ನುಂಗಿಕೊಂಡರು.

ಡಾಕ್ಟರ ಮುಖ ಗಂಭೀರವಾಯಿತು. "ಬಿಸಿಯಾಗಿದೆ. ಯಾರಿಗೂ ಹೇಳ್ಲಿಲ್ವಾ?"

"ಎಲ್ಲರಿಗೂ ಹೇಳ್ದೆ ಸರ್."

"ರಕ್ತ ಹೆಪ್ಪುಗಟ್ಟಿರೋ ಹಾಗಿದೆ. ಮೇಲಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ಈಗಲೇ ಸ್ಕ್ಯಾನ್ ಆಗ್ಬೇಕು."

ಅಷ್ಟರಲ್ಲಿ ಮೊದಲಿನ ಸಿಸ್ಟರ್ ಓಡಿ ಬಂದರು. "ಸರ್, ಮೇಡಂ ಈ ಕಡೆ ಇದ್ದಾರೆ."

ಡಾಕ್ಟರು ಗಾಬರಿಯಿಂದ ಎದ್ದು ಇತ್ತ ತಿರುಗಿದರು. "ಕ್ಷಮಿಸಿ ಮೇಡಂ, ಗೊತ್ತಾಗ್ಲಿಲ್ಲ. ಹೇಗಿದ್ದೀರಿ?"

"ನನಗೆ ಬರೀ ತಲೆನೋವು. ಅವರ ಕಾಲು ನೋಡ್ತಾ ಇದ್ರಲ್ಲ, ಅದನ್ನ ಮುಗಿಸಿ."

ಡಾಕ್ಟರಿಗೆ ಮುಖ ಎತ್ತಲಾಗಲಿಲ್ಲ. ಟ್ರಾಲಿ ತರಿಸಿದರು. ಅದನ್ನು ತಳ್ಳುವವನು ಇಸ್ತ್ರಿಯಮ್ಮನನ್ನು ಮಲಗಿಸಿಕೊಂಡು ತಲೆ ಕೆರೆದುಕೊಂಡ.

"ಸ್ಕ್ಯಾನಿಂಗ್ ಹತ್ರ ಉದ್ದ ಸಾಲಿದೆ ಸರ್. ಅರ್ಜೆಂಟ್ ಅಂದ್ರೂ, ಯಾರ ಕಡೆಯವರು ಅಂತ ಕೇಳ್ತಾರೆ."

ಇಸ್ತ್ರಿಯಮ್ಮ ತಮಗೆ ಯಾರಿದ್ದಾರೆಂದು ಯೋಚಿಸುವವರಂತೆ ಸೂರು ನೋಡುತ್ತಿದ್ದರು.

"ನನ್ನ ಕಡೆಯವರು ಅನ್ನಿ," ಎಂದರು ಮೇಡಂ.

ಟ್ರಾಲಿ ಹೋಯಿತು. ದೂರದಲ್ಲಿ ಯಾರೋ ದಾರಿ ಬಿಡಿ ಎಂದದ್ದು, ಬಾಗಿಲು ತೆರೆದದ್ದು ಕೇಳಿಸಿತು. ಅಷ್ಟು ಸಲೀಸಾಗಿ ತೆರೆಯಿತಲ್ಲ ಎಂದು ಮೇಡಂಗೆ ಸಮಾಧಾನವಾಯಿತು. ಅಷ್ಟು ಸಲೀಸಾಗಿ ತೆರೆದದ್ದಕ್ಕೇ ನಾಚಿಕೆಯೂ ಆಯಿತು.