ಕರ್ನಲ್ ಸಾಹೇಬರ ಕ್ರೇಟು

ನನ್ನ ಅಣ್ಣನ ಮಗ ಪ್ರಮೋದ ಜಯನಗರದಲ್ಲಿ ಐಸ್‌ಕ್ರೀಂ ಅಂಗಡಿ ತೆರೆದ. ಅಂಗಡಿ ಎಂದರೆ ಅವನಿಗೆ ಸಿಟ್ಟು, ಅದು ‘ಹೆರಿಟೇಜ್ ಕ್ರೀಮರಿ’. ಹೆರಿಟೇಜ್ ಎಂದರೆ ಗೋಡೆಗೆ ಗಾರೆ ಮಾಡದೆ ಇಟ್ಟಿಗೆ ಕಾಣಿಸುವುದು, ಫ್ಯಾನು ಕಿತ್ತು ಬಲ್ಬು ನೇತುಹಾಕುವುದು, ಕುರ್ಚಿಯ ಬದಲು ಹಾಲಿನ ಕ್ರೇಟಿನ ಮೇಲೆ ಜನರನ್ನು ಕೂರಿಸಿ ಬೆನ್ನು ನೋಯಿಸುವುದು. ಆ ಕ್ರೇಟುಗಳೂ ಹೊಸವೇ, ತುಕ್ಕಿನ ಬಣ್ಣ ಬಳಿಸಿಕೊಂಡು ಬಂದವು. ನಿಜವಾಗಿ ಹಳೆಯದು ಒಂದೇ ಒಂದು. ಅದು ನಮ್ಮವ್ವನದು.

ನಮ್ಮವ್ವ ಸಪ್ಪಲಮ್ಮ ಒಂದು ಕಾಲಕ್ಕೆ ಬನಶಂಕರಿಯಲ್ಲಿ ಹಾಲಿನ ಬೂತು ನಡೆಸುತ್ತಿದ್ದಳು. ಆಗ ಹಾಲು ಗಾಜಿನ ಬಾಟಲಿಯಲ್ಲಿ, ಬಾಟಲಿಗಳು ತಂತಿಯ ಕ್ರೇಟಿನಲ್ಲಿ ಬರುತ್ತಿದ್ದವು. ಸಂಜೆ ಖರ್ಚಾಗದೆ ಉಳಿದ ಹಾಲನ್ನು ಅವ್ವ ಕೋಣನಕುಂಟೆಯ ಮನೆಗೆ ತಂದು, ಅರ್ಧಕ್ಕೆ ಇಳಿಯುವ ತನಕ ಕಾಯಿಸಿ, ಸಕ್ಕರೆ ಏಲಕ್ಕಿ ಹಾಕಿ, ಆರಿಸಿ ತಗಡಿನ ಡಬ್ಬಿಗೆ ಸುರಿಯುತ್ತಿದ್ದಳು. ಡಬ್ಬಿ ಮರದ ಟಬ್ಬಿನೊಳಗೆ, ಅದರ ಸುತ್ತ ಐಸು, ಕಲ್ಲುಪ್ಪು. ಆಮೇಲೆ ತೋಳು ಬಿದ್ದುಹೋಗುವ ತನಕ ಡಬ್ಬಿಯ ಹಿಡಿ ತಿರುಗಿಸುವುದು. ಹಾಲು ಗಟ್ಟಿಯಾಗುತ್ತಾ ಬಂದಂತೆ ಹಿಡಿಯ ಜೊತೆ ಟಬ್ಬೂ ತಿರುಗಲು ಶುರುಮಾಡುತ್ತದೆ, ಹಾಗಾಗಿ ಮೇಲೆ ಯಾರಾದರೂ ಕೂರಲೇಬೇಕು. ಮನೆಯಲ್ಲಿ ಬೇರೆ ಕೆಲಸಕ್ಕೆ ಬಾರದವಳು ನಾನೊಬ್ಬಳೇ. ಗೋಣಿಚೀಲ ಮಡಿಸಿ ಹಾಕಿ ನನ್ನನ್ನು ಕೂರಿಸುತ್ತಿದ್ದಳು. ಉಳಿದ ಮಕ್ಕಳಿಗೆ ಐಸ್‌ಕ್ರೀಮಿನಿಂದ ಬಾಯಿ ತಣ್ಣಗಾಗುತ್ತಿತ್ತು, ನನಗೆ ಬೇರೆ ಕಡೆ.

ಮಾರನೆಯ ದಿನ ಶಾಲೆಯ ಮುಂದೆ ಮುತ್ತುಗದ ದೊನ್ನೆಯಲ್ಲಿ ಹಾಕಿ ಮಾರಿದರೆ ಗಂಟೆ ಹೊಡೆಯುವುದರೊಳಗೆ ಖಾಲಿ. ಸೊಟ್ಟಗಾಗಿ ಡೈರಿಯ ಲಾರಿಯವನೇ ಬೇಡವೆಂದು ಬಿಟ್ಟುಹೋದ ಕ್ರೇಟೊಂದು ಅವ್ವನ ಪೀಠವಾಯಿತು. ಹಿಡಿ ತಿರುಗಿಸಲು ಅದರ ಎತ್ತರ ಹೇಳಿ ಮಾಡಿಸಿದಂತಿತ್ತು. ಬೂತು ಹೋದರೂ ಕ್ರೇಟು ಉಳಿಯಿತು. ಇಂದಿಗೂ ಅವ್ವ ಗೇಟಿನ ಬಳಿ ಅದರ ಮೇಲೆಯೇ ಕೂತು ರಸ್ತೆಯಲ್ಲಿ ಹೋಗುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ.

ಪ್ರಮೋದ ಬಂದು ಅಜ್ಜಿಯ ಕಥೆಯನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಕಣ್ಣಲ್ಲಿ ನೀರೂ ತಂದುಕೊಂಡ. ಆಮೇಲೆ ಕ್ರೇಟನ್ನೂ, ಈರುಳ್ಳಿ ತುಂಬಿಟ್ಟಿದ್ದ ಟಬ್ಬನ್ನೂ ಕೇಳಿದ. ಅವ್ವ ಇಟ್ಟದ್ದು ಒಂದೇ ಷರತ್ತು.

"ಬೇರೇನೂ ಬೇಡ ಕಣೋ. ನನ್ ಹೆಸ್ರು ಗೋಡೆ ಮೇಲೆ ಬರುಸ್ಬೇಕು."

ಡನ್ ಅಜ್ಜಿ ಎಂದು ಪ್ರಮೋದ ಕಾಲಿಗೆ ಬಿದ್ದು, ಏಳುವಾಗ ಕ್ರೇಟು ಎತ್ತಿಕೊಂಡ.

ಅವ್ವನಿಗೆ ಓದಲು ಬರುವುದು ತನ್ನ ಹೆಸರೊಂದೇ. ಬೂತಿನ ಕಾಗದಕ್ಕೆ ಸಹಿ ಹಾಕಲೆಂದು ಕಲಿತದ್ದು. ಉದ್ಘಾಟನೆಯ ದಿನ ಪೆಟ್ಟಿಗೆಯ ಸೀರೆ ಉಟ್ಟು ಬಂದು, ಅಂಗಡಿಯ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಹುಡುಕಿದಳು. ಆ ಅಕ್ಷರಗಳು ಎಲ್ಲಿಯೂ ಸಿಗಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿತ್ತು. ನೀನೇ ಓದು ಎಂದಳು. ಓದಿದೆ, ಓದಬಾರದಿತ್ತು.

ಗೋಡೆಯ ಪ್ರಕಾರ ಐಸ್‌ಕ್ರೀಮನ್ನು ಈ ಊರಿಗೆ ತಂದವನು ಕರ್ನಲ್ ವಿಗ್ಮೋರ್ ಎಂಬ ದೊರೆ. ದೊಡ್ಡ ಮೀಸೆಯ ಫೋಟೋ ಬೇರೆ. ಬೇಸಿಗೆ ತಡೆಯಲಾರದೆ ಆತ ತನ್ನ ಬಂಗಲೆಯಲ್ಲಿ ಇದನ್ನು ಕಂಡುಹಿಡಿದನಂತೆ, ‘ಊರಿನ ಅಡುಗೆಯವಳೊಬ್ಬಳು’ ನೆರವಾದಳಂತೆ. ನಮ್ಮವ್ವನ ಪಾಲಿಗೆ ಬಂದದ್ದು ಅಷ್ಟೇ. ಕೆಳಗೆ ಪೀಠದ ಮೇಲೆ, ದೀಪದ ಬೆಳಕಿನಲ್ಲಿ ಕರ್ನಲ್ ಸಾಹೇಬರ ಕ್ರೇಟು. ಅದರ ಬದಿಯ ತಗಡಿನ ಪಟ್ಟಿಯ ಮೇಲೆ ‘ಡೈರಿಗೆ ವಾಪಸು ಕೊಡತಕ್ಕದ್ದು’ ಎಂದು ಕನ್ನಡದಲ್ಲಿ ಅಚ್ಚೊತ್ತಿದೆ. ದೊರೆಗೆ ಕನ್ನಡ ಚೆನ್ನಾಗಿ ಬರುತ್ತಿತ್ತೆಂದು ಕಾಣುತ್ತದೆ.

ನಾನು ಪ್ರಮೋದನನ್ನು ಮೂಲೆಗೆ ಎಳೆದು ಕೇಳಿದೆ. ಬ್ರಾಂಡಿಂಗ್‌ನವರ ಸಲಹೆಯಂತೆ.

"ಅತ್ತೆ, ಕಸ್ಟಮರ್‌ಗೆ ಒಂದ್ ಸ್ಟೋರಿ ಬೇಕು. ಅಜ್ಜಿ ಸ್ಟೋರೀಲಿ ಮಿಕ್ಕಿದ ಹಾಲಿದೆ, ಹೈಜೀನ್ ಇಶ್ಯೂ ಆಗುತ್ತೆ."

ಅವ್ವನಿಗೆ ಮಾತು ಕೇಳಿಸಿತೋ ಇಲ್ಲವೋ, ಕಾಲು ನೋಯುತ್ತಿತ್ತು, ಹೋಗಿ ತನ್ನ ಕ್ರೇಟಿನ ಮೇಲೆ ಕೂತಳು. ಸಮವಸ್ತ್ರದ ಹುಡುಗಿಯೊಬ್ಬಳು ಓಡಿಬಂದಳು.

"ಅಜ್ಜಿ, ಅದ್ರ ಮೇಲೆ ಕೂರ್ಬಾರ್ದು. ಅದು ವಿಂಟೇಜ್."

ಪ್ರಮೋದ ನೋಡಿದ. ನೋಡಿ, ಮೈಕು ಸರಿಮಾಡಿಕೊಂಡ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವ್ವ ಎದ್ದು ಗೋಡೆಗೆ ಒರಗಿ ನಿಂತಳು.

ಮುಂದಿನದು ಲೈವ್ ಡೆಮೊ. ಕರ್ನಲ್ ಸಾಹೇಬರ ವಿಧಾನದಲ್ಲೇ ಐಸ್‌ಕ್ರೀಂ ಮಾಡಿ ತೋರಿಸುವುದಾಗಿ ಪ್ರಮೋದ ಘೋಷಿಸಿದ. ಜನ ಫೋನು ಎತ್ತಿ ಹಿಡಿದರು. ಅವನು ಹಿಡಿ ತಿರುಗಿಸಿದ. ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಹಾಲು ಗಟ್ಟಿಯಾಗತೊಡಗಿತು ನೋಡಿ, ಟಬ್ಬು ಎದ್ದು ಕುಣಿಯತೊಡಗಿತು. ಪ್ರಮೋದ ಹಿಡಿ ಬಿಡಲಿಲ್ಲ, ಟಬ್ಬು ಪ್ರಮೋದನನ್ನು ಬಿಡಲಿಲ್ಲ. ಇಬ್ಬರೂ ಸೇರಿ ಅಂಗಡಿ ಸುತ್ತಿದರು. ಅತಿಥಿಗಳ ಚಪ್ಪಲಿಗೆಲ್ಲ ಉಪ್ಪುನೀರಿನ ಅಭಿಷೇಕವಾಯಿತು.

ಕೊನೆಗೆ ಅವನು ಏದುಸಿರು ಬಿಡುತ್ತಾ ಅಜ್ಜಿಯ ಕಡೆ ನೋಡಿದ. ಮೈಕು ಆನ್ ಇತ್ತು.

"ಅಜ್ಜಿ, ಮೇಲೆ ಯಾರಾದ್ರೂ ಕೂರ್ಬೇಕು ಅಂದಿದ್ರಲ್ವಾ?"

ಅವ್ವ ಗೋಡೆಯ ಮೀಸೆಯನ್ನು ತೋರಿಸಿದಳು.

"ಅವ್ನ್ನ ಕರ್ದು ಕೂರ್ಸು."

ಆಮೇಲೆ ಪೀಠದ ಹತ್ತಿರ ಹೋಗಿ ತನ್ನ ಕ್ರೇಟನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಸಮವಸ್ತ್ರದ ಹುಡುಗಿ ಅಡ್ಡ ಬರಲಿಲ್ಲ, ಬಾಗಿಲು ತೆರೆದಳು. ಆಟೋದಲ್ಲಿ ಕೋಣನಕುಂಟೆಯವರೆಗೂ ಅವ್ವ ಕ್ರೇಟನ್ನು ತೊಡೆಯಿಂದ ಇಳಿಸಲಿಲ್ಲ. ನನಗೆ ಅಳು ಬಂತು.

ಡೆಮೊದ ವಿಡಿಯೋ ಸಖತ್ ಓಡಿತು, ಅಂಗಡಿಯೂ ಓಡುತ್ತಿದೆ. ಕರ್ನಲ್ಲೂ ಕ್ಷೇಮ. ಮೊನ್ನೆ ಅತ್ತ ಹೋದಾಗ ಇಣುಕಿದೆ. ಖಾಲಿ ಪೀಠಕ್ಕೆ ಇನ್ನೂ ದೀಪ ಉರಿಯುತ್ತಿದೆ, ಪಕ್ಕದಲ್ಲಿ ಹೊಸ ಫಲಕವೊಂದು ಬಂದಿದೆ: ಕರ್ನಲ್ ಸಾಹೇಬರ ಮೂಲ ಕ್ರೇಟು ಉದ್ಘಾಟನೆಯ ದಿನವೇ ಕಳುವಾಯಿತು.

ಮನೆಗೆ ಬಂದು ಹೇಳಿದೆ. ಅವ್ವ ಗೇಟಿನ ಬಳಿ ಕದ್ದ ಮಾಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಕದ್ದೋಳ ಹೆಸ್ರನ್ನಾದ್ರೂ ಹಾಕವ್ರಾ?"

ಇಲ್ಲ ಎಂದೆ.