ಹದಿನಾರು ಗೂಟ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಎಕಂಬಾದಲ್ಲಿ ಯಾರನ್ನು ಕೇಳಿದರೂ ಹಾವಗೆಪ್ಪ ಮಾಸ್ತರನ ಬಗ್ಗೆ ಮೊದಲು ಅದನ್ನೇ ಹೇಳುತ್ತಾರೆ. ನಿಜಾಮರ ಸರ್ಕಾರದಲ್ಲಿ ಹನ್ನೊಂದು ವರ್ಷ, ಆಮೇಲಿನ ಸರ್ಕಾರಗಳಲ್ಲಿ ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಔರಾದ ತಾಲೂಕಿನಲ್ಲೇ ಇಲ್ಲವೆಂದು ಬಹಳ ದಿನ ನಂಬಿದ್ದೆ. ಆ ನಂಬಿಕೆ ಮುರಿದವಳು ಹೆಬ್ಬೆಟ್ಟು ಒತ್ತುವ ಕುರಿಗಾರ ಹೆಂಗಸು, ಪುತಳಾಬಾಯಿ.

ಪೊಲೀಸ್ ಕಾರ್ಯಾಚರಣೆಯ ವರ್ಷ ಅದು, ಬೇಸಿಗೆ. ಬೀದರದಿಂದ ಒಂದು ಕಾಗದ ಬಂತು. ಹೆಣ್ಣುಮಕ್ಕಳ ಹೊಸ ಶಾಲೆ, ಪಕ್ಕದಲ್ಲೇ ವಸತಿ, ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ಇಡೀ ಜಿಲ್ಲೆಗೆ ನಾಲ್ಕೇ ಜಾಗ. ಉರ್ದು, ಲೆಕ್ಕ, ಭೂಗೋಳದಲ್ಲಿ ಪರೀಕ್ಷೆ. ವಯಸ್ಸು ಹನ್ನೆರಡು ತುಂಬಿರಬಾರದು. ನನ್ನ ಶಾಲೆಯಲ್ಲಿದ್ದ ಹೆಣ್ಣುಮಕ್ಕಳೇ ಮೂವರು. ಅವರಲ್ಲಿ ಕಳಿಸುವ ಹಾಗಿದ್ದವಳು ಒಬ್ಬಳೇ, ಪುತಳಾಬಾಯಿಯ ಮಗಳು ಜನಾಬಾಯಿ. ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದಳು, ಉರ್ದು ಅಕ್ಷರ ನನಗಿಂತ ಚೆಂದ ಬರೆಯುತ್ತಿದ್ದಳು.

ಅವಳಪ್ಪ ಬಕ್ಕಪ್ಪ ಕೆಟ್ಟವನಲ್ಲ, ಹಟಮಾರಿ. ತಂಗಿಯ ಮಗನಿಗೆ ಜನಾಬಾಯಿಯನ್ನು ಕೊಡುವ ಮಾತು ಆಗಲೇ ಆಡಿಬಿಟ್ಟಿದ್ದ. ನಾನು ಅವನ ಬೆನ್ನು ಬಿಡಲಿಲ್ಲ. ಹೊಲಕ್ಕೆ ಹೋದರೆ ಹೊಲಕ್ಕೆ, ಬಾವಿಗೆ ಹೋದರೆ ಬಾವಿಗೆ. ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ಮಾತು ಕೊಟ್ಟ. ಪರೀಕ್ಷೆ ಪಾಸಾದರೆ ಶಾಲೆ, ಇಲ್ಲವಾದರೆ ಅದೇ ವರ್ಷ ಲಗ್ನ. ಆಮೇಲೆ ಮಾಸ್ತರ ತನ್ನ ಹೊಸ್ತಿಲು ತುಳಿಯಬಾರದು. ನಾನು ಹೂಂ ಅಂದೆ.

ಹೂಂ ಅಂದ ಮೇಲೆ ನನಗೆ ಚಿಂತೆ ಶುರುವಾಯಿತು. ಯಾಕೆಂದರೆ ಹುಡುಗಿಗೆ ಭೂಗೋಳ ಸುತಾರಾಂ ಬರುತ್ತಿರಲಿಲ್ಲ. ಹೈದರಾಬಾದ ಸಂಸ್ಥಾನದ ಹದಿನಾರು ಜಿಲ್ಲೆ ಹೇಳು ಅಂದರೆ ಒಂಬತ್ತಕ್ಕೆ ನಿಂತುಬಿಡುತ್ತಿದ್ದಳು. ಯಾವುದು ಯಾವ ದಿಕ್ಕಿಗೆ ಅಂದರೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೈದೆ, ಅಂಗೈಗೆ ಎರಡು ಬಿಗಿದೆ, ಬಿಸಿಲಲ್ಲಿ ನಿಲ್ಲಿಸಿದೆ. ಆಗ ಕಲಿಸುವುದೆಂದರೆ ಅದೇ ಎಂದು ತಿಳಿದಿದ್ದೆ.

ಮರುದಿನ ಪುತಳಾಬಾಯಿ ಕೈಯಲ್ಲಿ ಬಡಿಗೆ ಹಿಡಿದು ಶಾಲೆಯ ಬಾಗಿಲಿಗೆ ಬಂದಳು. ಇವತ್ತು ನನ್ನ ಗತಿ ಮುಗಿಯಿತು ಅಂದುಕೊಂಡೆ. ಅವಳು ಬಡಿಗೆಯನ್ನು ಗೋಡೆಗೆ ಒರಗಿಸಿ, ಮಗಳಿಗೆ ಬರದೆ ಇರುವುದು ಏನು ಎಂದಷ್ಟೇ ಕೇಳಿದಳು. ಹದಿನಾರು ಹೆಸರು, ಯಾವುದರ ಮಗ್ಗುಲಲ್ಲಿ ಯಾವುದು ಎಂಬ ತಿಳಿವಳಿಕೆ, ಇಷ್ಟೇ ಅಂದೆ.

"ಹದಿನಾರೇನ್ರಿ? ನಮ್ಮ ಕುರಿನೂ ಹದಿನಾರ ಅವ ನೋಡ್ರಿ" ಅಂದಳು. "ಎಲ್ಲೆಲ್ಲಿ ಅವ ಅಂತ ನೆಲದ ಮ್ಯಾಲ ಬರದು ತೋರಸ್ರಿ."

ನನಗೆ ನಗು ಬಂತು, ಸಿಟ್ಟೂ ಬಂತು. ಆದರೂ ಬಡಿಗೆ ಇನ್ನೂ ಕೈಗೆಟಕುವಷ್ಟು ಹತ್ತಿರದಲ್ಲಿತ್ತಲ್ಲ, ಅಂಗಳದ ಮಣ್ಣಿನಲ್ಲಿ ನಕಾಶೆ ಬರೆದೆ. ಅವಳು ಅದರ ಸುತ್ತ ಮೂರು ಸಲ ತಿರುಗಿ ನೋಡಿ, ಬಡಿಗೆ ಎತ್ತಿಕೊಂಡು ಹೋದಳು.

ಎರಡು ದಿನ ಬಿಟ್ಟು ಅವರ ಕುರಿಹಟ್ಟಿಗೆ ಹೋದೆ. ಹಟ್ಟಿಯ ನೆಲದಲ್ಲಿ ಹದಿನಾರು ಗೂಟ ಬಡಿದಿದ್ದಳು, ನಾನು ಬರೆದ ನಕಾಶೆಯ ಹಾಗೆಯೇ. ಒಂದು ಗೂಟಕ್ಕೆ ಒಂದು ಜಿಲ್ಲೆ, ಒಂದು ಜಿಲ್ಲೆಗೆ ಒಂದು ಕುರಿ. ಕುಂಟುವುದು ನಾಂದೇಡ, ಹಾಯುವುದು ರಾಯಚೂರು, ಹೊಟ್ಟೆಬಾಕ ಮೆದಕ. ಹೈದರಾಬಾದ ಊರಿನ ಸುತ್ತಲಿನ ಹದಿನಾರನೆಯ ಜಿಲ್ಲೆಗೆ ಆಗ ಅತ್ರಾಫ್-ಎ-ಬಲ್ದಾ ಎಂಬ ನಾಲಿಗೆ ತಿರುಚುವ ಹೆಸರಿತ್ತು. ಅದನ್ನು ಟಗರಿಗೆ ಇಟ್ಟು, ಬಲ್ದ್ಯಾ ಎಂದು ಕರೆಯುತ್ತಿದ್ದರು. ಸಂಜೆ ಕುರಿಗಳು ಬಂದ ಕೂಡಲೇ ಜನಾಬಾಯಿ ಒಂದೊಂದನ್ನೇ ಹೆಸರು ಹಿಡಿದು ಕರೆದು, ಅದರದರ ಗೂಟಕ್ಕೆ ಕಟ್ಟಬೇಕು. ತಪ್ಪು ಗೂಟಕ್ಕೆ ಕಟ್ಟಿದರೆ ಬಿಚ್ಚಿ ಮತ್ತೆ ಕಟ್ಟಬೇಕು, ಅಲ್ಲಿಯವರೆಗೆ ರೊಟ್ಟಿಯಿಲ್ಲ.

ದನಕ್ಕೆ ಗೂಟ ಸರಿ, ಕುರಿಗೆ ಗೂಟ ಬಡಿಯುವವರನ್ನು ಎಲ್ಲಿ ಕಂಡಿದ್ದೀರಿ? ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪುತಳಾಬಾಯಿ ಯಾರಿಗೂ ಕಿವಿಗೊಡಲಿಲ್ಲ. ಓದು ಬಾರದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಗುಲಬರ್ಗಾದ ಹಗ್ಗ ರಾಯಚೂರಿನ ಗೂಟಕ್ಕೆ ಹೋದರೆ ಅಲ್ಲಿಂದಲೇ ಗದರುತ್ತಿದ್ದಳು. ಹತ್ತೇ ದಿನ. ಬೀದರದ ಪೂರ್ವಕ್ಕೆ ಏನು ಅಂತ ಶಾಲೆಯಲ್ಲಿ ಕೇಳಿದರೆ ಹುಡುಗಿ ಕಣ್ಣು ಮುಚ್ಚಿ, ಕೈ ಚಾಚಿ, ಅಲ್ಲಿ ಕುರಿಯ ಬೆನ್ನು ಮುಟ್ಟಿದವಳಂತೆ ಉತ್ತರ ಹೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ಅಕ್ಟೋಬರದಲ್ಲಿ ಅಂತ ಗೊತ್ತಾಗಿತ್ತು. ಸೆಪ್ಟೆಂಬರದಲ್ಲಿ ಹಿಂದುಸ್ತಾನದ ಫೌಜು ಬಂತು. ಅದಕ್ಕೂ ಮೊದಲೇ ರಜಾಕಾರರ ಹೆದರಿಕೆಯಲ್ಲಿ ಊರು ಅರ್ಧ ನಿದ್ದೆ ಬಿಟ್ಟಿತ್ತು. ಈಗ ಯಾರು ಯಾರಿಗೆ ಹೆದರಬೇಕೆಂಬುದೂ ತಿಳಿಯದಾಯಿತು. ಗುಂಡಿನ ಸದ್ದು ಕೇಳಿ ಊರಿಗೆ ಊರೇ ಜೋಳದ ಹೊಲಗಳಲ್ಲಿ ಅಡಗಿತು. ಮೂರು ದಿನ ಬಿಟ್ಟು ಬಂದು ನೋಡಿದರೆ ಪುತಳಾಬಾಯಿಯ ಹಟ್ಟಿಯ ಬೇಲಿ ಮುರಿದಿತ್ತು, ಐದು ಕುರಿ ಇರಲಿಲ್ಲ. ವರಂಗಲ್, ನಲಗೊಂಡಾ, ಪರಭಣಿ, ಬೀಡ, ಆದಿಲಾಬಾದ. ಇಂಥವರೇ ಒಯ್ದರು ಅಂತ ಮಂದಿ ಒಂದೊಂದು ಹೆಸರು ಹೇಳಿದರು, ಅವಳು ಯಾರ ಹೆಸರೂ ಹೇಳಲಿಲ್ಲ. ಆ ತಿಂಗಳಲ್ಲಿ ಕುರಿಗಿಂತ ದೊಡ್ಡದನ್ನು ಕಳೆದುಕೊಂಡವರು ಬಹಳ ಜನ ಇದ್ದರು. ನಮ್ಮೂರಲ್ಲೇ ಒಂದು ಓಣಿ ಪೂರಾ ಖಾಲಿಯಾಯಿತು, ಅಲ್ಲಿ ನನ್ನ ಜೊತೆ ಓದಿದವರು ಇದ್ದರು.

ಪರೀಕ್ಷೆ ಮುಂದಿನ ಜೂನಿಗೆ ಹೋಯಿತು. ಜನಾಬಾಯಿಗೆ ಆಗಸ್ಟಿಗೆ ಹನ್ನೆರಡು ತುಂಬುತ್ತಿತ್ತು. ಅಂದರೆ ಇದೇ ಮೊದಲು, ಇದೇ ಕೊನೆ.

ಶಾಲೆ ಮತ್ತೆ ತೆರೆದಾಗ ಜಿಲ್ಲೆ ಹೇಳು ಅಂದೆ. ಹನ್ನೊಂದು ಹೇಳಿ ಸುಮ್ಮನಾದಳು. ಇನ್ನೈದು ಅಂದೆ, ನೆಲ ನೋಡಿದಳು. ಮರೆತಿರಲಿಲ್ಲ. ವರಂಗಲ್ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಮರಿ. ಆ ಹೆಸರು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ, ಅದರ ಹಿಂದೆ ಉಳಿದ ನಾಲ್ಕೂ ನಿಂತುಬಿಡುತ್ತಿದ್ದವು. ತಿಂಗಳುಗಟ್ಟಲೆ ಹೀಗೇ. ನಾನು ಕೂಗಾಡಿದೆ, ಬೆತ್ತ ಎತ್ತಿದೆ, ಆಮೇಲೆ ನನಗೇ ನಾಚಿಕೆಯಾಗಿ ಕೆಳಗಿಟ್ಟೆ. ಬಕ್ಕಪ್ಪ ಆಗಲೇ ತಂಗಿಯ ಊರಿಗೆ ಒಂದು ಸಲ ಹೋಗಿ ಬಂದಿದ್ದ.

ಹಟ್ಟಿಗೆ ಹೋಗಿ ಪುತಳಾಬಾಯಿಗೆ ಬುದ್ಧಿ ಹೇಳಿದೆ. ಖಾಲಿ ಗೂಟ ಕಂಡರೆ ಹುಡುಗಿಗೆ ಸಂಕಟ, ಆ ಐದು ಕಿತ್ತು ಒಲೆಗೆ ಹಾಕು, ಬೇರೆ ಕುರಿ ತಂದಾಗ ಅದಕ್ಕೆ ಆ ಹೆಸರು ಇಡು ಅಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಮೂವತ್ತೊಂದು ವರ್ಷದ ಮಾಸ್ತರಿಕೆಯಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಹಾಗೆ ನೋಡಿಲ್ಲ.

"ಕುರಿಗಾರರು ಹಂಗ ಎಣಸಲ್ರಿ ಮಾಸ್ತರ್ರೆ" ಅಂದಳು. "ಬಂದದ್ದು ಕಣ್ಣಿಗಿ ಕಾಣತದ. ಬರಲಾರದ್ದನ್ನ ಮೊದಲ ಕರೀಬೇಕು."

ಅವತ್ತಿನಿಂದ ಸಂಜೆಯ ಕ್ರಮ ಬದಲಾಯಿತು. ಹನ್ನೊಂದು ಕುರಿ ಬೇಲಿಯ ಹೊರಗೆ ಒದರುತ್ತ ನಿಂತಿರುತ್ತಿದ್ದವು. ತಾಯಿ ಮಗಳು ಮೊದಲು ಖಾಲಿ ಗೂಟಗಳ ಹತ್ತಿರ ಹೋಗಿ, ಒಂದೊಂದರ ಮುಂದೆ ನಿಂತು, ಹೊಲದ ಕಡೆ ಮುಖಮಾಡಿ, ಆ ಹೆಸರು ಗಟ್ಟಿಯಾಗಿ ಕರೆಯಬೇಕು. ಮೊದಮೊದಲು ಪುತಳಾಬಾಯಿ ಒಬ್ಬಳೇ ಕರೆದಳು. ನಾಲ್ಕನೆಯ ದಿನ ಹುಡುಗಿಯ ದನಿ ಸೇರಿತು, ಅಳುತ್ತಲೇ. ಹೋಳಿ ಹುಣ್ಣಿಮೆಯ ಹೊತ್ತಿಗೆ ಅಳು ನಿಂತು ಕರೆಯುವುದಷ್ಟೇ ಉಳಿಯಿತು. ಬೇಲಿಯ ಆಚೆ ನಿಂತು ನಾನೂ ಕೇಳುತ್ತಿದ್ದೆ, ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ಜೂನಿನಲ್ಲಿ ಎತ್ತಿನ ಗಾಡಿಯಲ್ಲಿ ಔರಾದಕ್ಕೆ, ಅಲ್ಲಿಂದ ಮೋಟಾರಿನಲ್ಲಿ ಬೀದರಕ್ಕೆ ಹೋದೆವು, ಜನಾಬಾಯಿ, ಬಕ್ಕಪ್ಪ, ನಾನು. ಕುರಿ ಬಿಟ್ಟು ಪುತಳಾಬಾಯಿ ಬರಲಿಲ್ಲ. ಬೀದರದ ಮಗ್ಗುಲಿನ ಚಿದ್ರಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಇಳಿದುಕೊಂಡೆವು. ದಾರಿಯುದ್ದಕ್ಕೂ ನಾನು ಹುಡುಗಿಗೆ ಒಂದೇ ಪಾಠ ಹೇಳಿದೆ. ಜಿಲ್ಲೆಗಳನ್ನು ಪುಸ್ತಕದ ಕ್ರಮದಲ್ಲೇ, ಔರಂಗಾಬಾದದಿಂದ ಹೇಳಬೇಕು. ಯಾರು ಕಲಿಸಿದರು ಅಂತ ಕೇಳಿದರೆ ಹಾವಗೆಪ್ಪ ಮಾಸ್ತರರು ಅನ್ನಬೇಕು. ಇಪ್ಪತ್ತು ಸಲವಾದರೂ ಅನ್ನಿಸಿದ್ದೇನೆ.

ಹನ್ನೊಂದು ಹುಡುಗಿಯರು ಬಂದಿದ್ದರು. ಭಾಲ್ಕಿಯ ಒಬ್ಬ ವಕೀಲರ ಮಗಳು ಇಬ್ಬರು ಮಾಸ್ತರರ ಜೊತೆ ಬಂದಿದ್ದಳು. ಬರವಣಿಗೆ ಮುಗಿದು ಬಾಯಿಪರೀಕ್ಷೆಗೆ ಕಾಯುವಾಗ, ಜವಾನ ಚಾಂದ ಪಾಶಾ ನೀರು ಕೊಡುತ್ತ, ಒಳಗೆ ಪರೀಕ್ಷೆ ಮಾಡುವ ಮುನೀರೋದ್ದೀನ ಸಾಹೇಬರು ಈಚೆಗೆ ಬಹಳ ಕಟುವಾಗಿದ್ದಾರೆ ಅಂತ ಮೆಲ್ಲಗೆ ಹೇಳಿದ. ಅವರ ಸಣ್ಣ ಮಗ ಸೆಪ್ಟೆಂಬರದಲ್ಲಿ ಮನೆಬಿಟ್ಟು ಹೊರಗೆ ಹೋದವನು ತಿರುಗಿ ಬಂದಿಲ್ಲವಂತೆ. ಒಂಬತ್ತು ತಿಂಗಳಾದರೂ ಸುದ್ದಿಯಿಲ್ಲ. ಮನೆಯಲ್ಲಿ ಅವನ ಹೆಸರೆತ್ತಲು ಯಾರಿಗೂ ಧೈರ್ಯವಿಲ್ಲವಂತೆ.

ಬಾಗಿಲು ತೆರೆದೇ ಇತ್ತು, ನಾವು ಪಡಸಾಲೆಯಲ್ಲಿ ನಿಂತು ನೋಡಬಹುದಾಗಿತ್ತು. ಬೇರೆ ಹುಡುಗಿಯರು ಔರಂಗಾಬಾದದಿಂದ ಶುರುಮಾಡಿ ಗಡಗಡ ಒಪ್ಪಿಸಿದರು. ಸಾಹೇಬರು ತಲೆ ಎತ್ತದೆ ಗುರುತು ಹಾಕಿಕೊಂಡರು. ಜನಾಬಾಯಿಯ ಸರದಿ ಬಂತು. ಅವಳು ಕಣ್ಣು ಮುಚ್ಚಿದಳು. ಬಾಯಿಂದ ಬಂದ ಮೊದಲ ಹೆಸರು ವರಂಗಲ್.

ನಲಗೊಂಡಾ, ಪರಭಣಿ, ಬೀಡ, ಆದಿಲಾಬಾದ ಅಂದಳು, ಒಂದೊಂದರ ನಡುವೆ ತುಸು ತಡೆದು, ಸಂಜೆ ಕರೆಯುವ ಅದೇ ರಾಗದಲ್ಲಿ. ಆಮೇಲೆ ಉಳಿದ ಹನ್ನೊಂದನ್ನು ತಡೆಯಿಲ್ಲದೆ ಮುಗಿಸಿದಳು. ಬಕ್ಕಪ್ಪ ನನ್ನ ತೋಳು ಹಿಡಿದು, ತಪ್ಪಿದಳೇನು ಅಂತ ಕೇಳಿದ. ಕ್ರಮ ತಪ್ಪಿದಳು ಅಂದೆ.

ಸಾಹೇಬರು ತಲೆ ಎತ್ತಿದರು. ದಿಕ್ಕು ಕೇಳಿದರು, ಗಡಿ ಕೇಳಿದರು, ಯಾವ ಜಿಲ್ಲೆಯ ಮಗ್ಗುಲಲ್ಲಿ ಯಾವುದು ಅಂತ ತಿರುಗಾಮುರುಗಾ ಕೇಳಿದರು. ಅವಳು ಕೈ ಚಾಚಿ ಚಾಚಿ ಹೇಳಿದಳು, ಒಂದೂ ತಪ್ಪಲಿಲ್ಲ. ಹದಿನಾರೂ ಸರಿ, ಆದರೆ ಈ ಕ್ರಮ ಯಾವ ಪುಸ್ತಕದ್ದು, ಯಾರು ಕಲಿಸಿದರು ಅಂದರು. ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ.

"ನಮ್ಮ ಅವ್ವರಿ" ಅಂದಳು ಜನಾಬಾಯಿ. ಗೂಟದ ಕಥೆಯನ್ನು ಅರ್ಧ ಉರ್ದುವಿನಲ್ಲಿ, ಅರ್ಧ ನಮ್ಮ ಮಾತಿನಲ್ಲಿ ಹೇಳಿದಳು. "ಮನಿಗಿ ಬರಲಾರದವ್ರನ್ನ ಮೊದಲ ಕರೀಬೇಕ್ರಿ. ಬಂದವ್ರು ಹ್ಯಾಂಗೂ ಕಣ್ಮುಂದ ಇರ್ತಾರ್ರಿ."

ಸಾಹೇಬರು ಲೇಖನಿ ಕೆಳಗಿಟ್ಟರು. ಆಮೇಲೆ ನಮ್ಮ ಮಾತಿನಲ್ಲೇ, ಮೆಲ್ಲಗೆ ಕೇಳಿದರು. "ಕರದ್ರ ಬಂದ್ವೇನವ್ವಾ?"

"ಇನ್ನಾ ಬಂದಿಲ್ರಿ" ಅಂದಳು ಹುಡುಗಿ. "ಅವ್ವ ಗೂಟ ಕಿತ್ತಿಲ್ರಿ."

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಚಾಂದ ಪಾಶಾ ನೀರಿನ ಚಂಬು ಹಿಡಿದುಕೊಂಡೇ ನಿಂತಿದ್ದ. ತಿರುಗಿ ಬಂದು ಕೂತಾಗ ಅವರು ಗುರುತು ಬರೆದುಕೊಂಡು, ಮುಂದಿನ ಹುಡುಗಿಯನ್ನು ಕಳಿಸಿ ಅಂದರು.

ಸಂಜೆ ಗೋಡೆಗೆ ಪಟ್ಟಿ ಅಂಟಿಸಿದರು. ನಾಲ್ಕು ಹೆಸರುಗಳಲ್ಲಿ ಎರಡನೆಯದು ಜನಾಬಾಯಿ ಬಕ್ಕಪ್ಪ, ಎಕಂಬಾ. ಬಕ್ಕಪ್ಪ ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟು, ಇದೇ ಏನು, ಇದೇ ಏನು ಅಂತ ನನ್ನನ್ನು ಮೂರು ಸಲ ಕೇಳಿದ. ಮೂರು ಸಲವೂ ನಾನು ಸಿಟ್ಟಾಗದೆ ಹೌದಪ್ಪ ಅಂದೆ.

ಜುಲೈದಲ್ಲಿ ಹುಡುಗಿಯನ್ನು ವಸತಿಗೆ ಬಿಟ್ಟುಬಂದೆವು. ಒಂದು ವಾರ ಬಿಟ್ಟು, ಹೊತ್ತು ಮುಳುಗುವಾಗ ಹಟ್ಟಿಯ ಕಡೆ ಹೋದೆ. ಒಂದು ಮಾತು ಹೇಳಬೇಕಿತ್ತು ನನಗೆ. ನಾನು ಮಾಸ್ತರ ಅಲ್ಲ, ಮಾಸ್ತರ ನೀನು ಅಂತ. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಅಂದುಕೊಂಡು ಹೋಗಿದ್ದೆ.

ಹನ್ನೊಂದು ಕುರಿ ಬೇಲಿಯ ಹೊರಗೆ ನಿಂತು ಒದರುತ್ತಿದ್ದವು. ಪುತಳಾಬಾಯಿ ಹಟ್ಟಿಯ ನಡುವೆ ಬೀದರದ ಗೂಟದ ಹತ್ತಿರ ನಿಂತಿದ್ದಳು. ದಿನವೂ ವರಂಗಲ್ಲಿನಿಂದ ಶುರುವಾಗುವ ಕೂಗು ಅವತ್ತು ಅಲ್ಲಿಂದ ಶುರುವಾಗಲಿಲ್ಲ.

"ಜನಾ" ಅಂತ ಕರೆದಳು, ಹೊಲದ ಕಡೆ ಮುಖಮಾಡಿ, ಗಟ್ಟಿಯಾಗಿ.

ನನಗೆ ತಡೆಯಲಾಗಲಿಲ್ಲ. ಅವಳೇನು ಕಳೆದುಹೋಗಿಲ್ಲವಲ್ಲ, ಬೀದರದಲ್ಲಿ ಸುಖವಾಗಿ ಓದುತ್ತಿದ್ದಾಳೆ, ನೀನೇ ಕಳಿಸಿದ್ದೀಯಲ್ಲ ಅಂತ ಬೇಲಿಯ ಈಚೆಯಿಂದಲೇ ರೇಗಿದೆ.

"ಗೊತ್ತದ್ರಿ ಮಾಸ್ತರ್ರೆ" ಅಂದಳು ಪುತಳಾಬಾಯಿ, ತಿರುಗಿ ನೋಡದೆ. "ಖರೆ, ಸಂಜಿಗಿ ಮನ್ಯಾಗ ಇಲ್ಲಲ್ರಿ."

ಆಮೇಲೆ ವರಂಗಲ್ ಅಂತ ಕರೆದಳು. ನಾನು ಬೇಲಿ ದಾಟಿ ಒಳಗೆ ಹೋಗಿ, ನಲಗೊಂಡಾದ ಗೂಟದ ಹತ್ತಿರ ನಿಂತೆ.